ಪಂಪಿನ ಮೋಟರ್: ಕಂಪನದ ಜೊತೆ ಕರೆಂಟನ್ನೂ ಓದಿ

ಪಂಪ್‌ಹೌಸಿನ ಮೋಟರುಗಳಿಗೆ ಸೆನ್ಸರ್ ಕೂರಿಸುವಾಗ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಕಂಪನ, ಮೂರೂ ಫೇಸಿನ ಕರೆಂಟ್, ಸಕ್ಷನ್ (ನೀರು ಒಳಬರುವ ಕಡೆ) ಮತ್ತು ಡಿಸ್ಚಾರ್ಜ್ (ಹೊರಹೋಗುವ ಕಡೆ) ಪ್ರೆಷರ್ ಎಲ್ಲವೂ ಒಂದೇ ಸಮಯದ ಗುರುತಿನೊಂದಿಗೆ ಒಂದೇ ಪರದೆಗೆ ಬರಬೇಕು. ವಾಲ್ವ್ ತಿರುಗಿಸಿ ಹರಿವು ಬದಲಿಸಿದರೆ ಸಾಕು, ಏನೂ ಕೆಡದೆಯೇ ಕಂಪನ ಬದಲಾಗುತ್ತದೆ. ಲೋಡ್ ಎಷ್ಟೆಂದು ತಿಳಿಯದೆ ಬೇರಿಂಗ್ ಬಿಚ್ಚಲು ನಾನು ಒಪ್ಪುವುದಿಲ್ಲ.

ಕಂಪನ ಅಳೆಯುವ ಅಕ್ಸೆಲೆರೋಮೀಟರುಗಳನ್ನು ಎರಡೂ ತುದಿಯ ಬೇರಿಂಗ್ ಹೌಸಿಂಗಿಗೆ ಸ್ಟಡ್ ಹಾಕಿ ಬಿಗಿದೆವು. ಮ್ಯಾಗ್ನೆಟ್ ಮೇಲೆ ನಿಲ್ಲಿಸಿದರೆ ಹೆಚ್ಚಿನ ಫ್ರೀಕ್ವೆನ್ಸಿಯ ಸಂಕೇತ ಸರಿಯಾಗಿ ಸಿಗದು; ಬೇರಿಂಗ್ ಸವೆತದ ಮೊದಲ ಸುಳಿವು ಇರುವುದು ಅಲ್ಲೇ. ಫ್ಯಾನ್ ಕವರ್ ಮೇಲಂತೂ ಬೇಡವೇ ಬೇಡ, ಆ ತಗಡು ತಾನೇ ಅದುರುತ್ತಿರುತ್ತದೆ.

ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು 2 ಪೋಲ್ (ಒಂದೇ ಜೋಡಿ ಕಾಂತಧ್ರುವದ) ಮೋಟರುಗಳಲ್ಲಿ. 50 ಹರ್ಟ್ಸ್ ಸಪ್ಲೈನಲ್ಲಿ ಮೋಟರ್ 2960 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ವೇಗದ ಎರಡರಷ್ಟು ಎಂದರೆ 98.7 ಹರ್ಟ್ಸ್, ಮೋಟರನ್ನು ಪಂಪಿಗೆ ಜೋಡಿಸುವ ಕಪ್ಲಿಂಗಿನ ಅಲೈನ್‌ಮೆಂಟ್ ತಪ್ಪಿದ್ದರೆ ಸ್ಪೆಕ್ಟ್ರಮ್‌ನಲ್ಲಿ (ಕಂಪನವನ್ನು ಫ್ರೀಕ್ವೆನ್ಸಿವಾರು ಬಿಡಿಸಿ ತೋರಿಸುವ ನಕ್ಷೆ) ಸಾಮಾನ್ಯವಾಗಿ ಏರುವುದು ಈ ಗೆರೆ. ಸ್ಟೇಟರಿನ (ಮೋಟರಿನ ತಿರುಗದ ಭಾಗ) ವಿದ್ಯುತ್ ದೋಷ ಕಾಣುವುದು 100 ಹರ್ಟ್ಸ್‌ನಲ್ಲಿ. ನಡುವಿನ ಅಂತರ 1.3 ಹರ್ಟ್ಸ್ ಮಾತ್ರ. ಒಂದು ಸೆಕೆಂಡಿನ ಡೇಟಾ ತೆಗೆದರೆ ಎರಡೂ ಕಲೆತುಹೋಗುತ್ತವೆ. 4 ಸೆಕೆಂಡ್ ತೆಗೆದರೆ ಸ್ಪೆಕ್ಟ್ರಮ್‌ನ ಅಳತೆಯ ಹೆಜ್ಜೆ 0.25 ಹರ್ಟ್ಸ್‌ಗೆ ಇಳಿದು ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆಗಲೂ ಅನುಮಾನವಿದ್ದರೆ ರೆಕಾರ್ಡಿಂಗ್ ನಿಲ್ಲಿಸದೆ ಸಪ್ಲೈ ಕಡಿಯುತ್ತೇನೆ. ವಿದ್ಯುತ್ತಿನದಾದರೆ ಆ ಕ್ಷಣವೇ ಮಾಯ. ಯಾಂತ್ರಿಕವಾದರೆ ರೋಟರ್ (ತಿರುಗುವ ಭಾಗ) ನಿಧಾನವಾದಂತೆ ತಾನೂ ಕೆಳಗಿಳಿಯುತ್ತದೆ.

ಒಮ್ಮೆ ಒಂದು ಪಂಪಿನ ಕಂಪನ ದಿಢೀರನೆ ಏರಿತು. ಬೇರಿಂಗ್ ಬದಲಿಸೋಣ ಎಂದರು ಜೊತೆಯವರು. ಆದರೆ ಸ್ಪೆಕ್ಟ್ರಮ್‌ನಲ್ಲಿ ಬೇರಿಂಗಿನ ಗೆರೆ ಒಂದೂ ಇರಲಿಲ್ಲ. ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಉದ್ದಕ್ಕೂ ಹರಡಿದ ಗದ್ದಲವಿತ್ತು. ಕರೆಂಟ್ ಹೊಯ್ದಾಡುತ್ತಿತ್ತು, ಸಕ್ಷನ್ ಪ್ರೆಷರ್ ಕುಸಿದಿತ್ತು. ಇದು ಕ್ಯಾವಿಟೇಶನ್: ಒತ್ತಡ ಕುಸಿದು ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು ಒಡೆಯುತ್ತ ಇಂಪೆಲ್ಲರನ್ನು (ನೀರು ತಳ್ಳುವ ಚಕ್ರ) ಕೊರೆಯುವುದು. ಸಕ್ಷನ್ ಸ್ಟ್ರೈನರ್ ತೆಗೆದರೆ ಒಳಗೆ ಕಸ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ತೊಳೆದು ಹಾಕಿದ ಮೇಲೆ ಕಂಪನ ಹಳೆಯ ಮಟ್ಟಕ್ಕೆ ಬಂತು. ಇಂಪೆಲ್ಲರ್ ಉಳಿದದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು.

ಅಲಾರಂ ಮಿತಿಯನ್ನು ಎಲ್ಲ ಮೋಟರಿಗೂ ಒಂದೇ ಇಡಲಿಲ್ಲ. ಯಂತ್ರಗಳ ಕಂಪನಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ ಮಟ್ಟಗಳನ್ನು ಹೊರಗಿನ ಗಡಿಯಾಗಿಟ್ಟು, ಒಳಗಡೆ ಆಯಾ ಮೋಟರಿನ ಆಯಾ ಲೋಡಿಗೆ ಅದರದೇ ಬೇಸ್‌ಲೈನ್ (ಸರಿಯಿದ್ದಾಗಿನ ಮಟ್ಟ) ಕಟ್ಟಿದೆವು. ರೋಟರ್ ಬಾರ್ (ರೋಟರಿನೊಳಗೆ ಕರೆಂಟ್ ಹರಿಯುವ ಲೋಹದ ಸರಳು) ತುಂಡಾಗಿದೆಯೇ ಎಂದು ಕರೆಂಟಿನಲ್ಲಿ ಹುಡುಕುವುದಿದ್ದರೆ ಮೋಟರ್ ಚೆನ್ನಾಗಿ ಲೋಡ್ ಎಳೆಯುವ ಹೊತ್ತನ್ನೇ ಆರಿಸಿಕೊಳ್ಳಿ. ಲೋಡ್ ಕಡಿಮೆಯಾದರೆ ಸ್ಲಿಪ್ (ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದೆ ಬೀಳುವ ಪ್ರಮಾಣ) ಕುಗ್ಗಿ, ಆ ದೋಷ ತೋರಿಸುವ ಅಕ್ಕಪಕ್ಕದ ಗೆರೆಗಳು 50 ಹರ್ಟ್ಸ್‌ನ ಬುಡದಲ್ಲೇ ಅಡಗಿಬಿಡುತ್ತವೆ.