ಮಳೆಗಾಲದ ಆಟ, ತೋಟದ ಲೆಕ್ಕ

ಕಾಫಿ ತೋಟದ ಮನೆಗೆ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಉಳಿತಾಯದ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಸಂಬಳದವರಿಗಾಗಿ ಬರೆದವು. ತಿಂಗಳಿಗೆ ಇಷ್ಟು ತೆಗೆದಿಡಿ, ಇಷ್ಟು ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಮಾಡಿ ಅಂತ ಹೇಳುತ್ತಾರೆ. ಕೊಡಗಿನ ನಮ್ಮ ಗೋಣಿಕೊಪ್ಪ ಕಡೆ ಅದು ಹಾಗೇ ಹೊಂದುವುದಿಲ್ಲ. ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಆಗ ಮೂಟೆ ಮಾರಿದ ದುಡ್ಡಿನಲ್ಲೇ ಮುಂದಿನ ಕೊಯ್ಲಿನವರೆಗೆ ಗೊಬ್ಬರ, ಕೂಲಿ, ಶಾಲೆ ಫೀಸು, ಮದುವೆ ಮನೆಯ ಉಡುಗೊರೆ ಎಲ್ಲ ಆಗಬೇಕು.

ನಮ್ಮದು ನಾಲ್ಕು ಎಕರೆ ತೋಟ. ರೊಬಸ್ಟಾ, ಮಧ್ಯೆ ಸ್ವಲ್ಪ ಕರಿಮೆಣಸು. ತೋಟ ನೋಡಿಕೊಳ್ಳುವುದು ನನ್ನ ಗಂಡ ಮತ್ತು ಮಾವ, ಮನೆಯ ಲೆಕ್ಕ ನನ್ನದು. ಈ ಲೆಕ್ಕವನ್ನು ನಾನು ಸರಿಯಾಗಿ ಕಲಿತದ್ದು ಬೋರ್ಡ್ ಆಟಗಳಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗೆ ಹೋಗುವ ಹಾಗಿಲ್ಲ, ಕರೆಂಟು ಇರುತ್ತದೆ ಅಂತ ಹೇಳುವ ಹಾಗಿಲ್ಲ. ಮಕ್ಕಳು, ಮಾವ, ಪಕ್ಕದ ತೋಟದಲ್ಲಿರುವ ನಾದಿನಿ, ಎಲ್ಲರೂ ಚಾರ್ಜಿಂಗ್ ಲೈಟಿನ ಸುತ್ತ ಕೂರುತ್ತೇವೆ. ಮಾವನಿಗೆ ಇಸ್ಪೀಟು ಬಿಟ್ಟು ಬೇರೆ ಆಟ ರುಚಿಸುತ್ತಿರಲಿಲ್ಲ. ದುಡ್ಡಿನ ಆಟ ಅಂದ ಮೇಲೆ ಅವರೂ ಬಂದು ಕೂತರು.

ಮೊದಲು ಆಡಿದ್ದು ಮೊನೊಪಲಿ. ನಮ್ಮ ಕಾಲದ ಮಕ್ಕಳು ಆಡಿದ ವ್ಯಾಪಾರ ಆಟವೂ ಇದೇ ಜಾತಿಯದು. ಇದರ ಮೂಲ ಆಟವನ್ನು ಮಾಡಿದವರು ಅಮೆರಿಕದ ಲಿಜ್ಜಿ ಮ್ಯಾಗಿ ಎಂಬ ಹೆಂಗಸು. ಅದಕ್ಕೆ ಅವರಿಗೆ 1904ರಲ್ಲಿ ಪೇಟೆಂಟ್ ಸಿಕ್ಕಿತು. ಜಮೀನು ಕೆಲವೇ ಜನರ ಕೈಗೆ ಸೇರಿದರೆ ಬಾಡಿಗೆ ಕಟ್ಟುವವರ ಗತಿ ಏನಾಗುತ್ತದೆ ಅಂತ ತೋರಿಸುವುದು ಅವರ ಉದ್ದೇಶವಾಗಿತ್ತು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನೊಪಲಿ ಅಂತ ಮಾರುವ ಹೊತ್ತಿಗೆ, ಎಲ್ಲರನ್ನೂ ದಿವಾಳಿ ಮಾಡಿದವನೇ ಗೆದ್ದ ಅನ್ನುವ ಆಟವಾಗಿ ಉಳಿದಿತ್ತು. ಹಾಗಾಗಿ ಹೂಡಿಕೆ ಕಲಿಯಲು ಇದೊಂದೇ ಸಾಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿಜವಾದ ಹೂಡಿಕೆಯಲ್ಲಿ ಪಕ್ಕದವರು ಮುಳುಗಬೇಕಾಗಿಲ್ಲ, ಅಲ್ವಾ?

ಆದರೂ ಅಡಮಾನ ಅಂದರೇನು ಅಂತ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಆಟ ನಾನು ನೋಡಿಲ್ಲ. ಜಾಗ ಅಡವಿಟ್ಟರೆ ಅದರ ಬೆಲೆಯ ಅರ್ಧ ಮಾತ್ರ ಸಿಗುತ್ತದೆ. ಬಿಡಿಸುವಾಗ ನೂರಕ್ಕೆ ಹತ್ತು ಸೇರಿಸಿ ಕಟ್ಟಬೇಕು. ಅಡವಿರುವಷ್ಟು ಕಾಲ ಆ ಜಾಗದ ಬಾಡಿಗೆಯೂ ಇಲ್ಲ. ಈ ಮೂರನೆಯದು ಮಕ್ಕಳಿಗೆ ಚೆನ್ನಾಗಿ ತಟ್ಟುತ್ತದೆ.

ಆಮೇಲೆ ಸಿಡ್ ಸ್ಯಾಕ್ಸನ್ 1960ರ ದಶಕದಲ್ಲಿ ಮಾಡಿದ ಅಕ್ವೈರ್ ಆಡಿದೆವು. ಹೋಟೆಲ್ ಕಂಪನಿಗಳು ಬೆಳೆಯುತ್ತವೆ, ದೊಡ್ಡದು ಚಿಕ್ಕದನ್ನು ನುಂಗುತ್ತದೆ, ನಾವು ಶೇರು ಕೊಳ್ಳುತ್ತಾ ಹೋಗುತ್ತೇವೆ. ಶೇರು ಎಷ್ಟೇ ಏರಿದರೂ ಕಂಪನಿಗಳು ವಿಲೀನವಾಗುವವರೆಗೆ ಕೈಗೆ ದುಡ್ಡು ಬರುವುದಿಲ್ಲ. ಆಟದ ಮಧ್ಯದಲ್ಲಿ ಒಬ್ಬೊಬ್ಬರ ಮುಂದೆ ಶೇರಿನ ರಾಶಿ ಇರುತ್ತದೆ, ಒಳ್ಳೆ ಅವಕಾಶ ಬಂದಾಗ ಕೊಳ್ಳಲು ನೂರು ರೂಪಾಯಿಯೂ ಇರುವುದಿಲ್ಲ. ಇದನ್ನು ನೋಡಿ ಮಾವ, "ಇದು ನಮ್ಮ ಊರಿನ ಕಥೆ" ಅಂದರು. ಆಸ್ತಿ ಕೋಟಿಯದು, ಜುಲೈ ತಿಂಗಳಲ್ಲಿ ಜೇಬು ಖಾಲಿ. ಕೊಡಗಿನಲ್ಲಿ ಇಂಥ ಮನೆಗಳು ಎಷ್ಟು ಬೇಕು!

ಮೂರನೆಯದು ರಾಬರ್ಟ್ ಕಿಯೋಸಾಕಿ ಅವರ ಕ್ಯಾಶ್‌ಫ್ಲೋ. ಇದರಲ್ಲಿ ಪ್ರತಿಯೊಬ್ಬರಿಗೂ ಒಂದು ಉದ್ಯೋಗ, ಒಂದು ಲೆಕ್ಕದ ಹಾಳೆ. ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಬರೆಯಬೇಕು, ಪ್ರತಿ ಸಲವೂ ತಿದ್ದಬೇಕು. ಮಗಳ ಹಾಳೆ ರಬ್ಬರ್ ಉಜ್ಜಿ ಉಜ್ಜಿ ತೂತಾಗಿತ್ತು. ಆದರೆ ಒಂದು ಸಾಲ ತೆಗೆದುಕೊಂಡರೆ ಎರಡು ಕಡೆ ಬರೆಯಬೇಕು, ಸಾಲದ ಪಟ್ಟಿಯಲ್ಲೊಮ್ಮೆ, ತಿಂಗಳ ಖರ್ಚಿನಲ್ಲೊಮ್ಮೆ ಅನ್ನುವುದು ಅವಳಿಗೆ ಅಲ್ಲೇ ಗಟ್ಟಿಯಾಯಿತು. ಕೂತಲ್ಲಿ ಬರುವ ಆದಾಯ ಖರ್ಚನ್ನು ಮೀರಿದರೆ ಸಂಬಳ, ಖರ್ಚುಗಳ ಹಿಂದಿನ ಓಟದಿಂದ ಹೊರಗೆ ಬರಬಹುದು ಅನ್ನುವುದು ಆಟದ ಗುರಿ. ಹಾಳೆ ತುಂಬುವ ಅಭ್ಯಾಸ ನನಗೆ ತುಂಬಾ ಹಿಡಿಸಿತು. ಸಾಲ ಮಾಡಿ ಆಸ್ತಿ ಕೊಳ್ಳಲು ಆಟ ಕೊಡುವ ಧೈರ್ಯ ಹಿಡಿಸಲಿಲ್ಲ. ಅಲ್ಲಿ ಸೋತರೆ ಹಾಳೆ ಹರಿದು ಹೊಸದು ತೆಗೆದುಕೊಳ್ಳಬಹುದು. ಇಲ್ಲಿ ಅಡವಿಡುವುದು ಅಜ್ಜನ ಕಾಲದ ತೋಟ.

ಮೊನೊಪಲಿ, ಕ್ಯಾಶ್‌ಫ್ಲೋ ಎರಡರಲ್ಲೂ ಆದಾಯ ಆಗಾಗ ಬರುತ್ತಲೇ ಇರುತ್ತದೆ. ಮೊನೊಪಲಿಯಲ್ಲಿ ಒಂದು ಸುತ್ತು ಮುಗಿದರೆ 200, ಕ್ಯಾಶ್‌ಫ್ಲೋದಲ್ಲಿ ಸಂಬಳದ ದಿನ. ವರ್ಷಕ್ಕೊಂದು ಕೊಯ್ಲಿನವರ ಕಷ್ಟ ಈ ಮೂರು ಆಟಗಳಲ್ಲಿ ಯಾವುದರಲ್ಲೂ ಪೂರ್ತಿಯಾಗಿ ಇಲ್ಲ. ಹಾಗಾಗಿ ನಾವೇ ಒಂದು ಆಟ ಮಾಡಿಕೊಂಡೆವು. ಬೇಕಾದವರು ಹೀಗೇ ಮಾಡಿಕೊಳ್ಳಬಹುದು.

ಹಳೆ ಕ್ಯಾಲೆಂಡರಿನ ಹಿಂಭಾಗದಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಮನೆ (ಚೌಕ) ಬರೆಯಿರಿ. ಏಪ್ರಿಲ್‌ನಿಂದ ಶುರು, ಮಾರ್ಚ್‌ಗೆ ಮುಗಿಯಬೇಕು. ಎಲ್ಲರೂ ಒಟ್ಟಿಗೆ ಒಂದೊಂದು ಮನೆ ಮುಂದೆ ಹೋಗುತ್ತಾರೆ. ಪ್ರತಿಯೊಬ್ಬರಿಗೂ ನಾಲ್ಕು ಎಕರೆ ತೋಟ, ಕೈಯಲ್ಲಿ 2,50,000 ರೂಪಾಯಿ. ಮನೆ ಖರ್ಚು ಪ್ರತಿ ತಿಂಗಳು 15,000. ಮೇ ತಿಂಗಳಲ್ಲಿ ಗೊಬ್ಬರಕ್ಕೆ 30,000, ಜೂನ್‌ನಲ್ಲಿ ಫೀಸು 40,000, ಸೆಪ್ಟೆಂಬರ್‌ನಲ್ಲಿ ಮತ್ತೆ ಗೊಬ್ಬರ ಮತ್ತು ಕಳೆಗೆ 30,000, ಜನವರಿಯಲ್ಲಿ ಕೊಯ್ಲಿನ ಕೂಲಿ 60,000. ಕೂಡಿಸಿ ನೋಡಿ, ವರ್ಷಕ್ಕೆ 3,40,000 ಆಗುತ್ತದೆ. ಕೈಯಲ್ಲಿರುವುದು ಅದಕ್ಕಿಂತ 90,000 ಕಮ್ಮಿ. ಬೇಕೆಂದೇ ಹಾಗಿಟ್ಟಿದ್ದೇವೆ. ಮೊದಲ ವರ್ಷ ಸಾಲ ಮಾಡದೆ ಯಾರಿಗೂ ಮುಗಿಯುವುದಿಲ್ಲ.

ಸಾಲ ಮೂರು ಥರ. ಬ್ಯಾಂಕಿನ ಬೆಳೆಸಾಲ ನೂರಕ್ಕೆ 4, ಆದರೆ ಮಾರ್ಚ್‌ನಲ್ಲಿ ತಪ್ಪದೆ ತೀರಿಸಬೇಕು, ತಪ್ಪಿದರೆ 7. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗೆ ಇರುವ ಲೆಕ್ಕವನ್ನೇ ತೆಗೆದುಕೊಂಡಿದ್ದೇವೆ. ಇದನ್ನು ಏಪ್ರಿಲ್ ಮನೆಯಲ್ಲಿ ಮಾತ್ರ ಕೇಳಬಹುದು. ಎರಡನೆಯದು ಕೈಸಾಲ, ಯಾವಾಗ ಬೇಕಾದರೂ ಸಿಗುತ್ತದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಮೂರನೆಯದು ವ್ಯಾಪಾರಿಯ ಅಡ್ವಾನ್ಸ್. ಸೆಪ್ಟೆಂಬರ್‌ನಲ್ಲಿ 1,00,000 ಕೊಡುತ್ತಾನೆ, ಕೊಯ್ಲಾದ ಮೇಲೆ 20 ಮೂಟೆ ಅವನಿಗೆ.

ಫಸಲು ಸಾಮಾನ್ಯವಾಗಿ 60 ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಒಂದೊಂದು ಮೂಟೆ 50 ಕೆ.ಜಿ. ಮಾರ್ಚ್ ಮನೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಒಂದು ದಾಳ ಹಾಕಬೇಕು. ಒಂದು ಬಿದ್ದರೆ ಮಳೆ ಕೈಕೊಟ್ಟಿತು, ಮುಂದಿನ ವರ್ಷದ ಫಸಲು ಅರ್ಧ. ರೇಟಿಗೆ ಎರಡು ದಾಳ. ಎರಡರ ಮೊತ್ತ ಎಷ್ಟೋ ಅಷ್ಟು ಸಾವಿರ ರೂಪಾಯಿ ಒಂದು ಮೂಟೆಗೆ, ಎಲ್ಲರಿಗೂ ಅದೇ ರೇಟು. 2,000ದಿಂದ 12,000ದವರೆಗೆ ಏನೂ ಬರಬಹುದು. ಇದು ಅತಿಯಾಯಿತು ಅಂತ ಅನಿಸಿದರೆ ನಿಜದ ರೇಟನ್ನೇ ನೆನಪಿಸಿಕೊಳ್ಳಿ. ಎಷ್ಟೋ ವರ್ಷ 3,000–4,000ದ ಆಸುಪಾಸು ಇದ್ದ ರೊಬಸ್ಟಾ ಚೆರ್ರಿ, ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಬರ ಬಂದ ಮೇಲೆ 2024–25ರಲ್ಲಿ 10,000 ದಾಟಿದ್ದನ್ನು ನೋಡಿದ್ದೇವೆ.

ಆಟದ ಜೀವ ಇರುವುದು ಮುಂದಿನ ನಿಯಮದಲ್ಲಿ. ಮಾರ್ಚ್‌ನಲ್ಲಿ ಬಂದ ರೇಟು ಬೇಡ ಅಂದರೆ ಮೂಟೆಗಳನ್ನು ಗೋಡೌನ್‌ನಲ್ಲಿ ಇಟ್ಟುಕೊಳ್ಳಬಹುದು. ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಮತ್ತೆ ದಾಳ ಹಾಕುತ್ತೇವೆ. ಅಲ್ಲಿಯವರೆಗೆ ಖರ್ಚಿಗೆ ಬೇರೆ ದುಡ್ಡು ಇರಬೇಕು, ಅಷ್ಟೇ.

ಮೊದಲ ವರ್ಷ ದಾಟಿದ ಮೇಲೆ ಒಂದು ಸಲ ಮಾರ್ಚ್‌ನಲ್ಲಿ ಮೂರು ಬಿತ್ತು. ಮೂಟೆಗೆ 3,000. ಮಗನ ಕೈಯಲ್ಲಿ ಇದ್ದದ್ದು 20,000, ಕಟ್ಟಬೇಕಾದ ಬೆಳೆಸಾಲ ಬಡ್ಡಿ ಸೇರಿ 1,04,000. ಸಾಲಕ್ಕೇ 35 ಮೂಟೆ ಹೋಯಿತು. ಮೇ ಮುಗಿಯುವವರೆಗಿನ ಮನೆ ಖರ್ಚಿಗೆ, ಗೊಬ್ಬರಕ್ಕೆ ಮತ್ತೆ 13. ಮಾವನ ಹತ್ತಿರ 1,20,000 ಇತ್ತು, ಸಾಲ ಇರಲಿಲ್ಲ.

"ಅಜ್ಜ, ನೀವು ಮಾರಲ್ವಾ?"

"ನನಗೇನು ಅವಸರ? ಜೂನ್ ತನಕ ಖರ್ಚಿಗೆ ಇದೆ."

ಜೂನ್‌ನಲ್ಲಿ ಒಂಬತ್ತು ಬಿತ್ತು. ಮಾವ 60 ಮೂಟೆಯನ್ನೂ 9,000ಕ್ಕೆ ಕೊಟ್ಟರು. ಮಗನ ಹತ್ತಿರ ಉಳಿದಿದ್ದದ್ದು 12. ಅವನು ತುಂಬ ಹೊತ್ತು ತನ್ನ ಹಾಳೆ ನೋಡುತ್ತಾ ಕೂತ. ಕೊನೆಗೆ, "ಫಸಲು ಇಬ್ಬರಿಗೂ ಒಂದೇ ಇತ್ತಲ್ಲ" ಅಂದ. ನಾನು ಕಲಿಸಬೇಕು ಅಂದುಕೊಂಡಿದ್ದು ಇದನ್ನೇ. ತೋಟ ಒಂದೇ, ಮಳೆ ಒಂದೇ, ರೇಟೂ ಒಂದೇ. ಕೈಯಲ್ಲಿ ಜೂನ್ ತನಕದ ಖರ್ಚಿಗೆ ದುಡ್ಡಿದ್ದವರು ಮಾತ್ರ ಕಾಯಬಹುದು.

ಕಾದರೆ ಲಾಭ ಗ್ಯಾರಂಟಿ ಅಂತೇನೂ ಅಲ್ಲ. ನಾದಿನಿ ಇನ್ನೊಂದು ಸಲ 6,000 ಬೇಡ ಅಂತ ಇಟ್ಟುಕೊಂಡು 4,000ಕ್ಕೆ ಮಾರಿದಳು. ಎರಡು ದಾಳದ ಸರಾಸರಿ ಏಳು. ಏಳಕ್ಕಿಂತ ಮೇಲೆ ಬಂದರೆ ಕೊಡುವುದು, ಕೆಳಗೆ ಬಂದರೆ ಕೈಯಲ್ಲಿ ದುಡ್ಡಿದ್ದರೆ ಕಾಯುವುದು ಅಂತ ಮಕ್ಕಳೇ ಕಂಡುಕೊಂಡರು. ದಾಳಕ್ಕೆ ಹಿಂದಿನ ರೇಟು ನೆನಪಿರುವುದಿಲ್ಲ, ನಿಜವಾದ ಮಾರುಕಟ್ಟೆ ಹಾಗಲ್ಲ, ಒಮ್ಮೆ ಬಿದ್ದದ್ದು ವರ್ಷಗಟ್ಟಲೆ ಬಿದ್ದೇ ಇರಬಹುದು. ಇದನ್ನು ಮಕ್ಕಳಿಗೆ ಬಾಯಲ್ಲೇ ಹೇಳಬೇಕಾಯಿತು. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ ಅಂತ ಮಾವ ವಿವರಿಸಿದರು. ಬೆಳೆಗಾರರು ಕಾಫಿಯನ್ನು ಬೋರ್ಡಿನ ಪೂಲಿಗೆ ಕೊಡುವುದು, ಮಾರುವುದು ಬೋರ್ಡು, ದುಡ್ಡು ಕಂತಿನಲ್ಲಿ ಬರುವುದು. 1996ರಲ್ಲಿ ಅದು ಪೂರ್ತಿ ಹೋದ ಮೇಲೆ ಯಾವಾಗ ಮಾರಬೇಕು ಅನ್ನುವ ತಲೆನೋವು ಬೆಳೆಗಾರನದಾಯಿತು.

ಅಡ್ವಾನ್ಸಿನ ಲೆಕ್ಕ ಮಾಡಿಸಿದ್ದು ಮಗಳು. ಒಂದು ಲಕ್ಷಕ್ಕೆ 20 ಮೂಟೆ ಅಂದರೆ ಮೂಟೆಗೆ 5,000. ಸರಾಸರಿ ರೇಟು 7,000. ಆರು ತಿಂಗಳ ಸಾಲಕ್ಕೆ 40,000 ಕೊಟ್ಟ ಹಾಗೆ. ಬಡ್ಡಿ ಅನ್ನುವ ಮಾತೇ ಇಲ್ಲದ ಕಡೆ ಇಷ್ಟು ದೊಡ್ಡ ಬಡ್ಡಿ ಇರುತ್ತದೆ ಅಂತ ಎಲ್ಲರಿಗೂ ಆಶ್ಚರ್ಯ. 72ರ ಸೂತ್ರ ಹೇಳಿಕೊಟ್ಟದ್ದೂ ಆಗಲೇ. 72ನ್ನು ವರ್ಷದ ಬಡ್ಡಿಯಿಂದ ಭಾಗಿಸಿದರೆ ಸುಮಾರು ಎಷ್ಟು ವರ್ಷಕ್ಕೆ ದುಡ್ಡು ಎರಡರಷ್ಟಾಗುತ್ತದೆ ಅಂತ ಸಿಗುತ್ತದೆ. ನೂರಕ್ಕೆ ಮೂರು ರೂಪಾಯಿ ಕೈಸಾಲ ವರ್ಷಕ್ಕೆ 36, ಬಡ್ಡಿಗೆ ಬಡ್ಡಿ ಸೇರಿದರೆ ಎರಡೇ ವರ್ಷಕ್ಕೆ ಸಾಲ ಡಬಲ್. ಮೂರು ವರ್ಷಕ್ಕೆ ದುಡ್ಡು ಡಬಲ್ ಮಾಡಿಕೊಡ್ತೀನಿ ಅಂತ ಯಾರಾದರೂ ಮನೆಗೆ ಬಂದರೆ, ಅವನು ಹೇಳುತ್ತಿರುವುದು ವರ್ಷಕ್ಕೆ ಸುಮಾರು 24. ಯಾವ ಬ್ಯಾಂಕೂ ಅದನ್ನು ಕೊಡುವುದಿಲ್ಲ ಅಂತ ಈಗ ಮಕ್ಕಳಿಗೂ ಗೊತ್ತು.

ಆಟದಿಂದ ನಮ್ಮ ನಿಜವಾದ ಲೆಕ್ಕಕ್ಕೆ ಬಂದದ್ದು ಇಷ್ಟು. ಕೊಯ್ಲಿನ ದುಡ್ಡು ಬಂದ ಕೂಡಲೇ ಬೆಳೆಸಾಲ ತೀರಿಸುತ್ತೇವೆ, 4 ಮತ್ತು 7ರ ವ್ಯತ್ಯಾಸಕ್ಕೆ. ಆಮೇಲೆ ಮುಂದಿನ ಕೊಯ್ಲಿನವರೆಗಿನ ಖರ್ಚನ್ನು ಎಫ್‌ಡಿಗಳಾಗಿ ಒಡೆದು ಇಡುತ್ತೇವೆ. ಗೊಬ್ಬರದ್ದು ಮೇನಲ್ಲಿ ಬಿಡಿಸುವ ಹಾಗೆ, ಕೂಲಿಯದ್ದು ಜನವರಿಗೆ ಬಿಡಿಸುವ ಹಾಗೆ. ಒಂದೇ ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಇರುವುದರಿಂದ ಅದನ್ನು ಮೀರದ ಹಾಗೆ ನೋಡಿಕೊಳ್ಳುತ್ತೇವೆ. ಪಿಪಿಎಫ್‌ಗೆ, ಅಂದರೆ ಸರ್ಕಾರದ 15 ವರ್ಷದ ಉಳಿತಾಯ ಖಾತೆಗೆ, ಏಪ್ರಿಲ್ 5ರ ಒಳಗೆ ಕಟ್ಟುತ್ತೇವೆ. ಅದರಲ್ಲಿ ತಿಂಗಳ 5ರಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ. ಹಾಗಾಗಿ ಏಪ್ರಿಲ್ ಮೊದಲ ವಾರ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗುತ್ತದೆ. ಕೊಯ್ಲು ಮುಗಿಸಿದವರಿಗೆ ಇದಕ್ಕಿಂತ ಹೊಂದುವ ತಾರೀಖು ಇನ್ನೊಂದಿಲ್ಲ. ವರ್ಷಕ್ಕೆ 1,50,000ದ ಮಿತಿಯವರೆಗೆ ಕಟ್ಟುತ್ತಾ ಹೋದರೆ, 7.1ರ ಬಡ್ಡಿ ಹಾಗೇ ಇದ್ದರೆ, 15 ವರ್ಷಕ್ಕೆ ಕಟ್ಟಿದ 22.5 ಲಕ್ಷ ಸುಮಾರು 40 ಲಕ್ಷ ಆಗುತ್ತದೆ. ನಾವು ಅಷ್ಟು ಕಟ್ಟುವುದಿಲ್ಲ, ಆದದ್ದು ಕಟ್ಟುತ್ತೇವೆ.

ಎಸ್‌ಐಪಿಯ ತೊಡಕಿಗೂ ದಾರಿ ಸಿಕ್ಕಿತು. ಹತ್ತು ವರ್ಷ ಮುಟ್ಟದೆ ಇರಬಹುದಾದ ದುಡ್ಡನ್ನು ಮೊದಲು ಲಿಕ್ವಿಡ್ ಫಂಡಿಗೆ (ಬೇಗ ತೆಗೆಯಬಹುದಾದ, ಏರಿಳಿತ ಕಡಿಮೆ ಇರುವ ಫಂಡು) ಹಾಕುತ್ತೇವೆ. ಅಲ್ಲಿಂದ ಅದೇ ಮ್ಯೂಚುವಲ್ ಫಂಡ್ ಕಂಪನಿಯ ಇಂಡೆಕ್ಸ್ ಫಂಡಿಗೆ (ಶೇರು ಸೂಚ್ಯಂಕವನ್ನೇ ಹಿಂಬಾಲಿಸುವ ಫಂಡು) ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೋಗುತ್ತದೆ. ಎಸ್‌ಟಿಪಿ ಅಂತ ಕೇಳಿದರೆ ಫಾರ್ಮ್ ಕೊಡುತ್ತಾರೆ. ವರ್ಷಕ್ಕೊಮ್ಮೆ ದುಡ್ಡು ನೋಡುವವರಿಗೂ ತಿಂಗಳ ಶಿಸ್ತು ಬಂತು. ಶೇರು ಮಾರುಕಟ್ಟೆ ಇಳಿದ ತಿಂಗಳಲ್ಲಿ ಹೆದರಿ ತೆಗೆಯಬೇಕು ಅಂತ ಅನಿಸುವುದಿಲ್ಲ, ಯಾಕೆಂದರೆ ಗೊಬ್ಬರದ ದುಡ್ಡು ಬೇರೆ ಕಡೆ ಇದೆ.

ಆಟಕ್ಕೆ ಈಗ ಕರಿಮೆಣಸು ಸೇರಿಸಿದ್ದೇವೆ. ಅದಕ್ಕೆ ಬೇರೆಯೇ ದಾಳ, ಕಾಫಿ ಬಿದ್ದ ವರ್ಷ ಮೆಣಸು ಎತ್ತಿ ಹಿಡಿಯಬಹುದು, ಎರಡೂ ಒಟ್ಟಿಗೆ ಬೀಳಲೂಬಹುದು. ಸಂಬಳದವರ ಮನೆಯಲ್ಲಿ ಆಡುವುದಾದರೆ ಮಾರ್ಚ್ ಕೊಯ್ಲಿನ ಬದಲು ಪ್ರತಿ ಮನೆಗೂ 28,000 ಸಂಬಳ ಇಡಿ, ಆರು ಮತ್ತು ಆರು ಬಿದ್ದರೆ ಮೂರು ತಿಂಗಳು ಕೆಲಸ ಇಲ್ಲ ಅನ್ನುವ ನಿಯಮ ಸೇರಿಸಿ. ಮೈಸೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಹಾಗೆ ಆಡುತ್ತಾರೆ. ಹತ್ತು ವರ್ಷದ ಆಟಕ್ಕೆ ಎರಡು ಸಂಜೆ ಬೇಕು. ನೋಟುಗಳಿಗೆ ಹಳೆ ಮೊನೊಪಲಿಯದ್ದೇ ಸಾಕು, ಒಂದೊಂದರ ಹಿಂದೆ ಎರಡು ಸೊನ್ನೆ ಜಾಸ್ತಿ ಅಂದುಕೊಂಡರೆ ಆಯಿತು.