ಜೇಬಿನ ಮಡಚುವ ಚಾಕು: ಆಯ್ಕೆ ಮತ್ತು ಒಯ್ಯುವ ಕ್ರಮ

ಪಾರ್ಸೆಲ್‌ನ ಟೇಪು ಸೀಳುವುದು, ಗೋಣಿಚೀಲದ ಹುರಿ ಕತ್ತರಿಸುವುದು, ಹಣ್ಣು ಹೆಚ್ಚುವುದು ಇವಿಷ್ಟೇ ನಿತ್ಯದ ಕೆಲಸವಾದರೆ ಎರಡೂವರೆ ಇಂಚಿನ ಅಲಗು ಧಾರಾಳವಾಗಿ ಸಾಕು.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಚಾಕುವನ್ನು ಪೂರ್ತಿ ಬಿಚ್ಚಿ, ಅಲಗಿನ ಬೆನ್ನು ಹಿಡಿದು ಅತ್ತಿತ್ತ ಅಲುಗಿಸಿ ನೋಡಬೇಕು. ಬುಡದಲ್ಲಿ ಸಡಿಲ ಕಂಡರೆ, ಅಥವಾ ಮಡಚಿದಾಗ ಮೊನೆಯು ಹಿಡಿಯಿಂದ ಕೂದಲೆಳೆಯಷ್ಟು ಹೊರಗೆ ಇಣುಕಿದರೂ, ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಬಿಡುವುದು ಲೇಸು. ಲಾಕ್ ಇಲ್ಲದೆ ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕು (ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಚಿಕ್ಕ ಚಾಕುಗಳು ಬಹುತೇಕ ಇಂಥವೇ) ಕೊಯ್ಯುವುದಕ್ಕೆ ಸರಿ, ಚುಚ್ಚುವುದಕ್ಕಲ್ಲ. ತುದಿಗೆ ಒತ್ತಡ ಬಿದ್ದರೆ ಅಲಗು ಬೆರಳ ಮೇಲೆಯೇ ಮಡಚಿಕೊಳ್ಳಬಹುದು.

ಇಂಗಾಲ ಹೆಚ್ಚಿರುವ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆಯಾದರೂ, ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಕಪ್ಪುಗಟ್ಟುತ್ತದೆ. ಮಲೆನಾಡಿನ ಮಳೆಗಾಲಕ್ಕಂತೂ ಸ್ಟೇನ್‌ಲೆಸ್ ಸ್ಟೀಲೇ ವಾಸಿ.

ಚಾಕುವನ್ನು ಕೀಲಿಗೊಂಚಲು, ಮೊಬೈಲುಗಳ ಜೊತೆ ತುರುಕದೆ, ಪ್ರತ್ಯೇಕ ಜೇಬಿನಲ್ಲಿಡಬೇಕು. ವಿಮಾನ ಪ್ರಯಾಣದಲ್ಲಿ ಅದು ಕೈಚೀಲದಲ್ಲಿರದೆ ಚೆಕ್-ಇನ್ ಲಗೇಜಿನಲ್ಲಿರಬೇಕು. ಮೆಟ್ರೋ, ನ್ಯಾಯಾಲಯಗಳಿಗೆ ಹೋಗುವ ದಿನ ಮನೆಯಲ್ಲಿಯೇ ಬಿಡುವುದು ಜಾಣತನ. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಶೋಕಿ ಬೇಡವೇ ಬೇಡ: ದೆಹಲಿಯಲ್ಲಿ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕೂ ದೊಡ್ಡ ಅಲಗಿನ ಅಂಥ ಚಾಕುಗಳನ್ನು 1980ರ ಅಧಿಸೂಚನೆಯು ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ತಂದಿದೆ.