ಮದುವೆಯ ಲೆಕ್ಕ ಎಲೆಯಿಂದ ಶುರುವಾಗಲಿ

ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಏಳುವ ಮಾತು ‘ಛತ್ರ ಯಾವುದು?’ ಎಂದು. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಸುತ್ತಿನ ಮದುವೆಗಳ ಉಸ್ತುವಾರಿ ಹೊರುವಾಗ ನಾನು ಮೊದಲು ಕೇಳುವುದು ‘ಎಲೆ ಎಷ್ಟು?’ ಎಂದು. ಊಟಕ್ಕೆ ಎಷ್ಟು ಎಲೆ ಬೀಳುತ್ತದೆ ಎನ್ನುವುದು ಗೊತ್ತಾದರೆ ಛತ್ರದ ಅಳತೆ, ಅಡುಗೆ ಭಟ್ಟರ ತಂಡ, ಬಸ್ಸು, ತಾಂಬೂಲದ ಚೀಲ ಎಲ್ಲವೂ ಅದರ ಹಿಂದೆ ಬರುತ್ತವೆ. ಛತ್ರಕ್ಕೆ ಮುಂಗಡ ಕೊಟ್ಟು ಆಮೇಲೆ ಜನ ಲೆಕ್ಕ ಹಾಕಿದರೆ ಒಂದೋ ಜನ ಊಟಕ್ಕೆ ನಿಂತು ಕಾಯುತ್ತಾರೆ, ಇಲ್ಲ ಖಾಲಿ ಕುರ್ಚಿಗೆ ಬಾಡಿಗೆ ಕಟ್ಟಬೇಕಾಗುತ್ತದೆ.

ಹಿರಿಯರು ಶಾಸ್ತ್ರ ಬಿಡಬೇಡಿ ಅನ್ನುತ್ತಾರೆ, ಹುಡುಗ ಹುಡುಗಿ ನಮ್ಮ ಇಷ್ಟದ ಹಾಗೆ ಆಗಲಿ ಅನ್ನುತ್ತಾರೆ, ದುಡ್ಡು ಹೊಂದಿಸುವವರು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾರೆ. ಖರ್ಚಿನ ಪುಸ್ತಕ ತೆರೆದು ನೋಡಿದರೆ ಶಾಸ್ತ್ರದ ಪಾಲು ಬಲು ಸಣ್ಣದು. ಚಿನ್ನ, ಜವಳಿ ಬಿಟ್ಟು ಉಳಿದ ಖರ್ಚು 100 ಎಂದುಕೊಂಡರೆ ನಾನು ಹಂಚುವುದು ಹೀಗೆ: ಊಟಕ್ಕೆ 45, ಛತ್ರ ಮತ್ತು ಅದರ ಬೆನ್ನಿಗೆ ಬರುವ ಬಿಲ್ಲುಗಳಿಗೆ 18, ಮಂಟಪ ಮತ್ತು ಹೂವಿಗೆ 10, ಫೋಟೊ, ವಿಡಿಯೊಗೆ 8, ಲಗ್ನಪತ್ರಿಕೆ ಹಂಚುವ ಓಡಾಟ ಮತ್ತು ಬಸ್ಸಿಗೆ 6, ಅಂದಾಜು ಮೀರಿ ಬರುವ ಖರ್ಚಿಗೆಂದು ಎತ್ತಿಡುವುದು 8. ಪುರೋಹಿತರ ದಕ್ಷಿಣೆ, ಪೂಜಾ ಸಾಮಗ್ರಿ, ವಾಲಗ, ಮನೆ ಮುಂದಿನ ಹಸಿರು ಚಪ್ಪರ ಎಲ್ಲ ಸೇರಿ ಉಳಿದ 5ರಲ್ಲಿ ಮುಗಿಯುತ್ತದೆ. ಆದ್ದರಿಂದ ಅರಿಶಿನ, ಬಳೆ ಶಾಸ್ತ್ರ, ಹಾಲುಗಂಬ, ಧಾರೆ, ಸಪ್ತಪದಿ ಯಾವುದನ್ನೂ ದುಡ್ಡಿಗೆ ಅಂಜಿ ಬಿಡಬೇಕಾಗಿಲ್ಲ. ಕೈ ಕಚ್ಚುವುದು ಎಲ್‌ಇಡಿ ಗೋಡೆ, ಡ್ರೋನ್, ರಸ್ತೆಯವರೆಗಿನ ಕಮಾನು, ಐದು ಬಗೆಯ ಸಿಹಿ. ಇವು ಯಾವ ಮನೆತನದ ಪದ್ಧತಿಯೂ ಅಲ್ಲ, ಪಕ್ಕದ ಮದುವೆ ನೋಡಿ ಬಂದವು. ಕತ್ತರಿ ಹಾಕುವುದಿದ್ದರೆ ಅಲ್ಲಿ ಹಾಕಿ.

ಎಲೆ ಲೆಕ್ಕಕ್ಕೆ ತಲೆ ಎಣಿಸಲು ಹೋಗಬೇಡಿ, ಮನೆ ಎಣಿಸಿ. ಒಂದು ನೋಟ್‌ಬುಕ್ಕಿನಲ್ಲಿ ಕರೆಯುವ ಮನೆಗಳನ್ನೆಲ್ಲ ಬರೆದು ಮೂರು ಗುಂಪು ಮಾಡುತ್ತೇನೆ: ಮದುವೆ ನಡೆಯುವ ಊರಿನವರು, ಸುಮಾರು 40 ಕಿಲೋಮೀಟರ್ ಒಳಗಿನ ಹಳ್ಳಿಯವರು, ದೂರದವರು. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ ಇಡುವುದು ವಾಡಿಕೆ. ಊರಿನವರು ಕೆಲಸ ಮುಗಿಸಿ ಸಂಜೆಗೆ ಬರುತ್ತಾರೆ, ಹಳ್ಳಿಯವರು ಬೆಳಗ್ಗೆ ಬಸ್ಸಿನಲ್ಲಿ ಬರುತ್ತಾರೆ. ಹಾಗಾಗಿ ಸಂಜೆಗೆ ಊರಿನ ಮನೆಗೆ 3, ಹಳ್ಳಿಯ ಮನೆಗೆ 1.5, ದೂರದ ಮನೆಗೆ 1. ಧಾರೆಗೆ ಊರಿನ ಮನೆಗೆ 1.5, ಹಳ್ಳಿಯ ಮನೆಗೆ 2.5, ದೂರದ ಮನೆಗೆ 2. ಪಟ್ಟಿಯಲ್ಲಿ ಊರಿನವು 140, ಹಳ್ಳಿಯವು 110, ದೂರದವು 70 ಮನೆ ಇದ್ದರೆ ಸಂಜೆ 655, ಧಾರೆಗೆ 625 ಎಲೆ ಬರುತ್ತದೆ. ಧಾರೆ ಭಾನುವಾರ ಬಿದ್ದರೆ ಬೆಳಗಿನ ಲೆಕ್ಕಕ್ಕೆ ಇನ್ನೂ ನೂರು ಸೇರಿಸುತ್ತೇನೆ. ಹೆಣ್ಣಿನ ಕಡೆ, ಗಂಡಿನ ಕಡೆ ಬೇರೆ ಬೇರೆ ಪಟ್ಟಿ ಇರಲಿ. ಊಟದ ಖರ್ಚನ್ನು ಅವರವರ ಎಲೆಗೆ ತಕ್ಕಂತೆ ಹಂಚಿಕೊಂಡರೆ ಬೀಗರ ನಡುವೆ ಮನಸ್ತಾಪ ಹುಟ್ಟುವುದಿಲ್ಲ. ಅರ್ಧರ್ಧ ಎನ್ನುವುದಕ್ಕಿಂತ ಇದು ನ್ಯಾಯ. ಮುಯ್ಯಿ ಎಷ್ಟು ಬರಬಹುದು ಎಂದು ಊಹಿಸಿ ಅದನ್ನು ಖರ್ಚಿಗೆ ಹಿಡಿಯುವುದಂತೂ ಕೂಡದು. ಮುಯ್ಯಿ ತಿರುಗಿ ಮಾಡಬೇಕಾದ ಸಾಲ.

ದಿನ ಗೊತ್ತುಮಾಡುವಾಗ ಪುರೋಹಿತರಿಂದ ಒಂದರ ಬದಲು ಮೂರು ಮುಹೂರ್ತ ಬರೆಸಿಕೊಳ್ಳಿ. ಆಷಾಢ, ಧನುರ್ಮಾಸ, ಗುರು-ಶುಕ್ರ ಅಸ್ತ, ಅಧಿಕ ಮಾಸ ಕಳೆದರೆ ಉಳಿಯುವ ಲಗ್ನಗಳು ಕಡಿಮೆ, ಎಲ್ಲರೂ ಅವಕ್ಕೇ ಮುಗಿಬೀಳುತ್ತಾರೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇಂಥ ವರ್ಷ ಅದರ ಹಿಂದುಮುಂದಿನ ವಾರಗಳಲ್ಲಿ ಒಳ್ಳೆಯ ಭಟ್ಟರು ಸಿಗುವುದು ಕಷ್ಟ. ಮೂರು ದಿನಾಂಕ ಹಿಡಿದುಕೊಂಡು ಮೊದಲು ಅಡುಗೆ ಭಟ್ಟರಿಗೆ ಫೋನ್ ಮಾಡಿ, ಆಮೇಲೆ ಛತ್ರಕ್ಕೆ. ಛತ್ರ ಇನ್ನೊಂದು ಸಿಗುತ್ತದೆ, ಕೈರುಚಿ ಇರುವ ಭಟ್ಟರು ಸಿಗುವುದಿಲ್ಲ. ಕಾಫಿ ತೋಟದ ಮನೆಯವರು ಇನ್ನೊಂದು ನೋಡಬೇಕು: ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆಗ ಮನೆಯವರಿಗೂ ಆಳುಗಳಿಗೂ ಬಿಡುವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ, ಆದ್ದರಿಂದ ಬಯಲಲ್ಲಿ ಮಾಡುವುದನ್ನೆಲ್ಲ ಬೆಳಗ್ಗೆಯೇ ಮುಗಿಸಬೇಕು. ಮಂಗಳೂರು ಕಡೆಯ ನೆಂಟರಿದ್ದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚುವುದನ್ನೂ ಮನಸ್ಸಿನಲ್ಲಿಡಿ.

ಛತ್ರ ನೋಡಲು ಹೋದಾಗ ವೇದಿಕೆ ನೋಡುವ ಮುಂಚೆ ಊಟದ ಮನೆಗೆ ಹೋಗಿ ಕುರ್ಚಿ ಎಣಿಸಿ. ಒಂದು ಪಂಕ್ತಿ ಕೂತು, ಎದ್ದು, ಎಲೆ ತೆಗೆದು ಮತ್ತೆ ಹಾಕಲು 40 ನಿಮಿಷ ಬೇಕು. 200 ಕುರ್ಚಿ ಇದ್ದರೆ 600 ಎಲೆಗೆ ಮೂರು ಪಂಕ್ತಿ, ಎರಡು ಗಂಟೆ. 150 ಇದ್ದರೆ ನಾಲ್ಕು ಪಂಕ್ತಿ, ಎರಡು ಗಂಟೆ 40 ನಿಮಿಷ. ಹಳ್ಳಿಯ ಬಸ್ಸು ಮೂರಕ್ಕೆ ಹೊರಡುವುದಿದ್ದರೆ ಈ ಲೆಕ್ಕ ಮುಖ್ಯ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ, ಮೋರಿ ಕಟ್ಟಿಕೊಂಡಿದೆಯೇ ನೋಡಿ. ಬಾಡಿಗೆ ಹೇಳಿದ ಮೇಲೆ ಕರೆಂಟು, ಜನರೇಟರ್ ಡೀಸೆಲ್, ಶುಚಿ ಮಾಡುವ ಕೂಲಿ, ಪಾತ್ರೆ, ಗ್ಯಾಸ್, ಜಿಎಸ್‌ಟಿ ಇವೆಲ್ಲ ಒಳಗೋ ಹೊರಗೋ ಎಂದು ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ಅಗ್ಗದ ಛತ್ರ ದುಬಾರಿಯಾಗುವುದು ಇಲ್ಲೇ.

ತೋಟದಲ್ಲಿ, ಹೋಂಸ್ಟೇ ಅಂಗಳದಲ್ಲಿ ಮದುವೆ ಮಾಡಬೇಕೆಂಬ ಆಸೆ ಈಗಿನ ಮಕ್ಕಳಿಗೆ ಹೆಚ್ಚು. ಆಸೆ ಒಳ್ಳೆಯದೇ, ಆದರೆ 150 ಜನಕ್ಕಿಂತ ಮೇಲೆ ಹೋದರೆ ಛತ್ರಕ್ಕಿಂತ ಖರ್ಚು. ಮಳೆ ತಡೆಯುವ ಚಪ್ಪರ, ಜನರೇಟರ್, ನೀರಿನ ಟ್ಯಾಂಕರ್, 50 ಜನಕ್ಕೊಂದರಂತೆ ಶೌಚಾಲಯ ಎಲ್ಲವನ್ನೂ ಹೊರಗಿಂದ ತರಿಸಬೇಕು. ತೋಟದ ರಸ್ತೆಗೆ ದೊಡ್ಡ ಬಸ್ಸು ಇಳಿಯುವುದಿಲ್ಲ, ಒಂದು ಮಳೆ ಬಿದ್ದರೆ ಕಾರು ಹತ್ತುವುದಿಲ್ಲ. ನಾನು ಹೇಳುವ ದಾರಿ: ಅರಿಶಿನ, ಚಪ್ಪರ ಶಾಸ್ತ್ರ, ಬಳೆ ಶಾಸ್ತ್ರ ತೋಟದ ಮನೆಯಲ್ಲಿ ಹತ್ತಿರದವರ ಜೊತೆ ಆಗಲಿ, ಧಾರೆ ಮತ್ತು ಊಟ ಛತ್ರದಲ್ಲಿ. ಅಂಗಳಕ್ಕೆ 20 ಅಡಿ ಅಗಲ, 30 ಅಡಿ ಉದ್ದದ ಚಪ್ಪರಕ್ಕೆ ಹತ್ತಡಿಗೊಂದರಂತೆ 12 ಅಡಿಕೆ ಕಂಬ, ಮೇಲೆ ಬಿದಿರು, ಹೆಣೆದ ತೆಂಗಿನ ಗರಿ, ಮಾವಿನ ಸೊಪ್ಪು ಸಾಕು. ಫೋಟೊಗೆ ಇದಕ್ಕಿಂತ ಚೆಂದದ ಹಿನ್ನೆಲೆ ನನಗೆ ಗೊತ್ತಿಲ್ಲ. ಕಾಫಿ ಹೂವಿನ ಕಾಲದಲ್ಲಿ ರೆಂಬೆ ಕಡಿದು ಅಲಂಕಾರ ಮಾಡಿ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಒಂದೊಂದು ಹೂವೂ ಮುಂದಿನ ಹಣ್ಣು, ಕಡಿದ ಮೇಲೆ ಹೂ ಬೇಗ ಬಾಡುತ್ತದೆ ಕೂಡ.

ಇನ್ನು ಅಡುಗೆ. ಭಟ್ಟರ ಜೊತೆ ಎರಡು ಬಗೆಯ ಒಪ್ಪಂದವಿದೆ: ದಿನಸಿ ನಾವೇ ತಂದು ಕೂಲಿ ಮಾತ್ರ ಕೊಡುವುದು, ಅಥವಾ ಎಲೆಗೆ ಇಷ್ಟು ಎಂದು ಪೂರ್ತಿ ವಹಿಸುವುದು. ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಗಟ್ಟಿಗರು ಒಬ್ಬರಿದ್ದರೆ ಮೊದಲನೆಯದೇ ಲಾಭ, ರುಚಿಯೂ ನಮ್ಮ ಕೈಯಲ್ಲಿರುತ್ತದೆ. ಅಂಥವರಿಲ್ಲದಿದ್ದರೆ ಎರಡನೆಯದು. ಏಕೆಂದರೆ ಬೀಗ ಇಲ್ಲದ ಉಗ್ರಾಣದಲ್ಲಿ ತುಪ್ಪ, ಗೋಡಂಬಿ, ಎಣ್ಣೆ ನಿಲ್ಲುವುದಿಲ್ಲ. ದಿನಸಿ ನಾವೇ ತರುವುದಾದರೆ ನೂರು ಎಲೆಗೆ ನಾನು ಹಿಡಿಯುವುದು: ಅನ್ನ, ಬಾತು ಎರಡಕ್ಕೂ ಸೇರಿ ಅಕ್ಕಿ 10 ಕೆಜಿ, ತೊವ್ವೆ-ಹುಳಿ-ಸಾರಿಗೆ ತೊಗರಿಬೇಳೆ 4 ಕೆಜಿ, ಕೋಸಂಬರಿಗೆ ಹೆಸರುಬೇಳೆ 1 ಕೆಜಿ, ತರಕಾರಿ 16ರಿಂದ 18 ಕೆಜಿ, ತೆಂಗಿನಕಾಯಿ 20ರಿಂದ 25, ತುಪ್ಪ ಒಂದೂಕಾಲು ಕೆಜಿ, ಮೊಸರು 12 ಲೀಟರ್. ಹೋಳಿಗೆಗೆ ಒಂದು ಕೆಜಿ ಕಡಲೆಬೇಳೆ, ಒಂದು ಕೆಜಿ ಬೆಲ್ಲಕ್ಕೆ 45ರ ಆಸುಪಾಸು ಆಗುತ್ತವೆ. ಎರಡನೇ ಸಲ ಕೇಳುವವರನ್ನೂ ಸೇರಿಸಿ ನೂರು ಎಲೆಗೆ 130 ಬೇಕು, ಅಂದರೆ ಬೇಳೆ 3 ಕೆಜಿ. ಒಡೆಯದ ಮೂಟೆ, ಡಬ್ಬ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ದಿನಸಿ ತನ್ನಿ.

ಎಲೆ ಲೆಕ್ಕದ ಒಪ್ಪಂದವಾದರೆ ಜಗಳ ಬರುವುದು ಎಣಿಕೆಯಲ್ಲಿ. ಬಾಳೆ ಎಲೆಯನ್ನು ನಾವೇ ತಂದು ನೂರರ ಕಟ್ಟು ಮಾಡಿ, ಒಂದೊಂದು ಕಟ್ಟು ಕೊಡುವಾಗಲೂ ಗೀಟು ಹಾಕುವ ಒಬ್ಬರನ್ನು ನಿಲ್ಲಿಸಿ. ಕಡೆಗೆ ಉಳಿದದ್ದು ಕಳೆದರೆ ಲೆಕ್ಕ ಕೈಯಲ್ಲಿರುತ್ತದೆ. ಖಾತರಿ ಸಂಖ್ಯೆ ಕೊಡುವಾಗ ನಮ್ಮ ಅಂದಾಜಿನ ಎಂಬತ್ತು ಪಾಲು ಮಾತ್ರ ಹೇಳಿ, ಮೇಲಿನ ಇಪ್ಪತ್ತಕ್ಕೆ ದಿನಸಿ ಸಿದ್ಧವಿರಲಿ, ಬಿದ್ದ ಎಲೆಗೆ ದುಡ್ಡು ಎಂದು ಮಾತಾಡಿಕೊಳ್ಳಿ. ಅಂದಾಜು 625 ಆದರೆ ಖಾತರಿ 500.

ಇಷ್ಟದ ಊಟ ಹಾಕಿಸುವ ಆಸೆಗೂ ಲೆಕ್ಕ ಬೇಕು. ಗೋಬಿ, ಚಾಟ್ ಬಿಟ್ಟು ನಮ್ಮ ಮಲೆನಾಡಿನ ಅಕ್ಕಿರೊಟ್ಟಿ ಬಿಸಿಬಿಸಿ ಕೊಡೋಣ ಎನ್ನುತ್ತಾರೆ. ಒಂದು ರೊಟ್ಟಿಗೆ ನಾಲ್ಕು ನಿಮಿಷ, ಒಂದು ಕಾವಲಿಗೆ ಗಂಟೆಗೆ 15. ಆರು ಕಾವಲಿ ಇಟ್ಟರೂ ಗಂಟೆಗೆ 90. ಆರುನೂರು ಜನಕ್ಕೆ ಆರೂವರೆ ಗಂಟೆಗೂ ಮೇಲೆ! ಅದರ ಬದಲು ಕಡುಬು ಇಡಿ. ಹಬೆಯಲ್ಲಿ ಒಟ್ಟಿಗೇ ನೂರಾರು ಬೇಯುತ್ತವೆ, ಬಿಸಿಯೂ ನಿಲ್ಲುತ್ತದೆ, ಊರಿನ ರುಚಿಯೂ ಹೌದು. ಕಾಫಿ ನಾಡಿನ ಮದುವೆಯಲ್ಲಿ ಕಾಫಿ ಕೆಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೂರು ಲೋಟಕ್ಕೆ ಒಂದು ಕೆಜಿ ಪುಡಿ, 10ರಿಂದ 12 ಲೀಟರ್ ಹಾಲು ಹಿಡಿಯಿರಿ. ಡಿಕಾಕ್ಷನ್, ಹಾಲು ಬೇರೆ ಬೇರೆ ಇದ್ದು ಆಗಾಗ ಬೆರೆಸಬೇಕು. ಬೆರೆಸಿದ ಕಾಫಿಯನ್ನು ಡ್ರಮ್ಮಿನಲ್ಲಿ ಗಂಟೆಗಟ್ಟಲೆ ಕುದಿಸಿದರೆ ಕಹಿ ಏರುತ್ತದೆ.

ತಾಂಬೂಲದ ಚೀಲ ತಲೆಗೊಂದಲ್ಲ, ಮನೆಗೊಂದು. 320 ಮನೆ ಕರೆದರೆ 350 ತೆಂಗಿನಕಾಯಿ ಸಾಕು. ಅರಸೀಕೆರೆ ಕಡೆಯಿಂದ ಎಂಟು ದಿನ ಮೊದಲು ಜುಟ್ಟಿನ ಕಾಯಿ ತರಿಸಿ, ಅಲ್ಲಾಡಿಸಿ ನೋಡಿ ಆರಿಸಿ. ಕಾಯಿ ತೆಗೆದು ಬೇರೆ ಉಡುಗೊರೆ ಕೊಡುವುದು ಹಿರಿಯರಿಗೆ ಹಿಡಿಸುವುದಿಲ್ಲ. ಕಾಯಿ, ವೀಳ್ಯದೆಲೆ, ಅಡಿಕೆ ಇದ್ದೇ ಇರಲಿ, ಜೊತೆಗೆ 100 ಗ್ರಾಂ ನಮ್ಮ ತೋಟದ ಕಾಫಿಪುಡಿಯ ಪೊಟ್ಟಣ ಸೇರಿಸಿದರೆ ಮನೆಯ ಗುರುತು ಉಳಿಯುತ್ತದೆ.

ಮಂಟಪಕ್ಕೆ ಬಾಳೆ ಕಂಬ, ಅಡಿಕೆ ಹೊಂಬಾಳೆ, ತೆಂಗಿನ ಗರಿಯ ತೋರಣ, ಸೇವಂತಿಗೆ, ಕನಕಾಂಬರ ಇದ್ದರೆ ಸಾಕೆನ್ನುವುದು ನನ್ನ ಮತ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾದ ಆಸುಪಾಸು ಹೂವಿನ ಬೆಲೆ ಏರುತ್ತದೆ, ಆಗ ಹಸಿರು ಹೆಚ್ಚಿಸಿ ಹೂ ತಗ್ಗಿಸಿ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ವೇದಿಕೆಗೆ ಹೊಯ್ಸಳ ಕಂಬ, ಶಿಲಾಬಾಲಿಕೆ ಬೇಕು ಎನ್ನುವವರಿದ್ದಾರೆ. ಫೈಬರ್ ನಕಲು ಬಾಡಿಗೆ ಹೆಚ್ಚು, ಹತ್ತಿರದಿಂದ ಕಳೆಯೂ ಇಲ್ಲ. ಮನೆಯ ಹಿತ್ತಾಳೆ ದೀಪಗಳನ್ನು ತೊಳೆದು ಸಾಲಾಗಿ ಇಡಿ. ದೇವಸ್ಥಾನದ ಆವರಣದಲ್ಲೇ ಮದುವೆಗೆ ಮುಂಚಿನ ಫೋಟೊ ತೆಗೆಸುವುದಾದರೆ ಟ್ರೈಪಾಡ್, ದೊಡ್ಡ ಸಲಕರಣೆಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಧಾರೆಯ ಹೊತ್ತಿಗೆ ಕೆಡುವುದು ಸಣ್ಣ ಸಂಗತಿಗಳಿಂದ. ಫೋಟೊದವರು ಮಂಟಪದ ಮುಂದೆ ಗೋಡೆಯಂತೆ ನಿಂತು ಯಾರಿಗೂ ಏನೂ ಕಾಣದಂತೆ ಮಾಡುತ್ತಾರೆ. ಎಡ, ಬಲ ಎರಡು ಮೂಲೆ ಗುರುತು ಮಾಡಿ ಅಲ್ಲೇ ನಿಲ್ಲಿ ಎಂದು ಹಿಂದಿನ ದಿನವೇ ಹೇಳಿ. ಗಟ್ಟಿಮೇಳಕ್ಕೆ ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ಆರುನೂರು ಜನಕ್ಕೆ ಮೂರು ಕೆಜಿ ಅಕ್ಷತೆ ಬೇಕು, ಹತ್ತು ನಿಮಿಷ ಮೊದಲೇ ಹಿಂದಿನ ಸಾಲಿನಿಂದ ಹಂಚುತ್ತಾ ಬರಬೇಕು. ಬಿದ್ದ ಅಕ್ಷತೆ, ಒದ್ದೆ ಹೂ ಮೆಟ್ಟಿಲ ಮೇಲೆ ಜಾರುತ್ತವೆ, ಗುಡಿಸಲು ಪೊರಕೆ ಹಿಡಿದು ಒಬ್ಬರು ಪಕ್ಕದಲ್ಲೇ ಇರಲಿ. ಆರತಕ್ಷತೆಯಲ್ಲಿ 250 ಮನೆಯವರು ವೇದಿಕೆ ಹತ್ತಿದರೆ ಮನೆಗೆ ಅರ್ಧ ನಿಮಿಷವಾದರೂ ಎರಡು ಗಂಟೆ. ಆರೂವರೆಗೆ ಹುಡುಗ ಹುಡುಗಿ ನಿಲ್ಲಲೇಬೇಕು. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಇಷ್ಟೂ ಬೇಡ, ಸರಳವಾಗಿ ಮಾಡೋಣ ಎನ್ನುವವರಿಗೆ ಕುವೆಂಪು ರೂಪಿಸಿಕೊಟ್ಟ ಮಂತ್ರ ಮಾಂಗಲ್ಯವಿದೆ. ಮುಹೂರ್ತ, ರಾಹುಕಾಲದ ಗೋಜಿಲ್ಲ, ಹತ್ತಿರದವರ ಮುಂದೆ ಪ್ರತಿಜ್ಞೆ ಓದಿ ಮದುವೆಯಾಗುವುದು. ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರು 1966ರಲ್ಲಿ ಮದುವೆಯಾದದ್ದು ಹೀಗೆ. ಆದರೆ ಇದನ್ನು ಆರಿಸಿಕೊಂಡು, ಆಮೇಲೆ ಮನೆಯವರನ್ನು ಒಪ್ಪಿಸಲು ಎಂಟುನೂರು ಜನಕ್ಕೆ ಆರತಕ್ಷತೆ ಇಟ್ಟರೆ ಉಳಿತಾಯ ಏನೂ ಇಲ್ಲ.

ಬೀಗರ ಊಟ ಮಾಂಸದ್ದಾದರೆ ಸೋಮವಾರ, ಶನಿವಾರ ಇಡಬೇಡಿ, ಅರ್ಧ ಜನ ತಿನ್ನುವುದಿಲ್ಲ. ನೂರು ಜನಕ್ಕೆ ಮೂಳೆ ಸಮೇತ ಮಟನ್ 20 ಕೆಜಿ, ರಾಗಿ ಹಿಟ್ಟು 9ರಿಂದ 10 ಕೆಜಿ. ಮುದ್ದೆಯನ್ನು ಪಂಕ್ತಿಗೊಂದು ಸಲ ಹೊಸದಾಗಿ ಕಟ್ಟಿಸಿ, ಮೊದಲೇ ಕಟ್ಟಿಟ್ಟರೆ ಗಟ್ಟಿಯಾಗುತ್ತದೆ.

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಇಬ್ಬರ ಹೆಸರೂ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ನೋಡಿ. ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವಾಗ ಪತ್ರಿಕೆ, ಧಾರೆಯ ಫೋಟೊ, ವಯಸ್ಸಿನ ದಾಖಲೆ, ಮೂವರು ಸಾಕ್ಷಿ ಬೇಕಾಗುತ್ತದೆ. ಮನೆಯಲ್ಲಿ ಕರೆಯುವ ಹೆಸರು ಮಾತ್ರ ಅಚ್ಚಾಗಿದ್ದರೆ ಅಲ್ಲಿ ತಕರಾರು. ಇನ್ನು ಛತ್ರ ಬಿಡುವ ದಿನ: ಒಳಗೆ ಹೋಗುವಾಗಲೇ ಕರೆಂಟು ಮೀಟರಿನ ಫೋಟೊ ತೆಗೆದಿಟ್ಟುಕೊಂಡು, ಹೊರಡುವಾಗ ಇನ್ನೊಂದು ತೆಗೆಯಿರಿ. ಬಾಡಿಗೆ ಪಾತ್ರೆಗಳನ್ನು ಭಟ್ಟರ ತಂಡ ಗಾಡಿ ಹತ್ತುವ ಮುಂಚೆ ಎಣಿಸಿ ಒಪ್ಪಿಸಿ. ಅವರು ಹೋದ ಮೇಲೆ ಕಡಿಮೆ ಬಿದ್ದ ಸೌಟಿಗೂ ನೀವೇ ದುಡ್ಡು ಕಟ್ಟಬೇಕಾಗುತ್ತದೆ.